ಒಂದು ಚುಕ್ಕೆ ಹೆಚ್ಚು

ಬೆಳಗಿನ ಐದೂವರೆಗೆ ಬಿಳಿ ಬಾವುಟ ಏರಿದರೆ
ದೋಣಿಗಳೆಲ್ಲ ಒಟ್ಟಿಗೇ ಗುಡುಗುತ್ತವೆ ನೆಮುರೋದ ದಕ್ಕೆಯಿಂದ.
ದೀಪಸ್ತಂಭದ ಬುಡದ ಕಡಲಪಾಚಿಗೆ
ವರ್ಷಕ್ಕಿಷ್ಟು ಎಂದು ದುಡ್ಡು ಕಟ್ಟಿ ಕೀಳುತ್ತೇವೆ.
ಕಟ್ಟಿದರೆ ಅವರದೆಂದು ಒಪ್ಪಿದ ಹಾಗೆ,
ಕಟ್ಟದಿದ್ದರೆ ಒಲೆ ಹತ್ತುವುದಿಲ್ಲ;
ಎರಡನ್ನೂ ಹೇಳದ ಪದವೊಂದನ್ನು ರಸೀತಿಗೆ ಹುಡುಕಿಕೊಟ್ಟಿದ್ದಾರೆ
ರಾಜಧಾನಿಯ ಜಾಣರು.

ಯೋಹೇಯಿ ಉದ್ದ ಕೋಲಿಗೆ ಪಾಚಿ ಸುತ್ತಿ, ತಿರುಚಿ, ಎಳೆಯುತ್ತಾನೆ.
ನಾನು ದಡದ ಬೆಣಚುಗಲ್ಲ ಮೇಲೆ ಹಾಸುತ್ತೇನೆ
ಒಂದರ ಮೇಲೊಂದು ಬೀಳದ ಹಾಗೆ.
ಅತ್ತೆ ತೊಮೆ, ತೊಂಬತ್ತೊಂದು,
ಮುರುಕು ಸ್ಟೂಲಿನಲ್ಲಿ ಕೂತು ಮಂಜಿನ ವಾಸನೆ ಹಿಡಿಯುತ್ತಾಳೆ:
"ಬರ್ತಾ ಇದೆ, ಎತ್ತು."
ಮೊನ್ನೆಯವರೆಗೂ ಆ ಮಾತು ಸುಳ್ಳಾದದ್ದಿಲ್ಲ.
ಮಂಜು ಅವಳ ಊರಿನ ಕಡೆಯಿಂದಲೇ ಬರುತ್ತದಲ್ಲ.

ಊರು ಅಂದರೆ ಆ ದ್ವೀಪ.
ಹೆಸರು ಎರಡು, ನಕಾಶೆ ಎರಡು, ಗಡಿಯಾರವೂ ಎರಡು;
ಇಲ್ಲಿ ಏಳೂಕಾಲು, ಅಲ್ಲಿ ಆಗಲೇ ಒಂಬತ್ತೂಕಾಲು,
ಬಿಸಿಲು ಮಾತ್ರ ಒಂದೇ ಸಲ ಬರುತ್ತದೆ.
ಸೈನಿಕರು ಇಳಿದ ವರ್ಷ ಆಕೆ ಹನ್ನೊಂದರ ಪೋರಿ.
ರಾತ್ರಿ, ದೀಪವಿಲ್ಲದ ದೋಣಿ,
ತೊಡೆಯ ಮೇಲೆ ಇನ್ನೂ ಸುಡುತ್ತಿದ್ದ ಅನ್ನದ ಪಾತ್ರೆ.
ಸೊಸೆಯಾಗಿ ಬಂದ ನನಗೆ ಹೇಳಿದ್ದು ಇಷ್ಟೇ.

ಗೋರಿ ನೋಡಲು ಹಡಗು ಬಿಡುತ್ತಿದ್ದ ಕಾಲವೊಂದಿತ್ತು.
ವೀಸಾ ಇಲ್ಲ; ಮುದ್ರೆ ಬಿದ್ದರೆ
ನೆಲ ಯಾರದೆಂದು ಹೇಳಿಬಿಟ್ಟಂತೆ.
ಒಮ್ಮೆ ನಾನೂ ಹೋದೆ, ಅತ್ತೆಗೆ ಊರುಗೋಲಾಗಿ.
ಗುಡ್ಡದ ಮೇಲೆ ಕಾದಿದ್ದಳು ತೈಸಿಯಾ, ಮೀನು ಕಾರ್ಖಾನೆಯವಳು,
ಅಲ್ಲೇ ಹುಟ್ಟಿದವಳು, ಅವಳ ಅಪ್ಪನನ್ನೂ ಅದೇ ಗುಡ್ಡದಲ್ಲಿ ಹೂತಿದ್ದಾರೆ.
ತಲೆಗೆ ಹೂವಿನ ಚೌಕ, ಕೈಯಲ್ಲಿ ಕಪ್ಪು ಬಣ್ಣದ ಡಬ್ಬಿ.
ನಮ್ಮ ಕಲ್ಲುಗಳ ಹಾವಸೆ ಕೆರೆದು, ತೊಳೆದು,
ಮಾಸಿದ ಅಕ್ಷರಕ್ಕೆಲ್ಲ ಬಣ್ಣ ತುಂಬಿದ್ದಳು
ಓದಲು ಬಾರದೆ,
ಬಿರುಕನ್ನೂ ಬರಹವೆಂದು ನಂಬಿ.

ಓಸಾವಾ, ಅತ್ತೆಯ ತವರಿನ ಹೆಸರು.
ಮೊದಲ ಅಕ್ಷರಕ್ಕೆ 'ದೊಡ್ಡದು' ಎಂದರ್ಥ.
ಅದರ ಬಲಭುಜದ ಮೇಲೆ ಕಲ್ಲು ಚಕ್ಕೆಯೆದ್ದ ಒಂದು ಗುಳಿ,
ಅದಕ್ಕೂ ಬಣ್ಣ.
ನಮ್ಮ ಬರಹದಲ್ಲಿ ಆ ಒಂದು ಚುಕ್ಕೆ ಹೆಚ್ಚಾದರೆ
ದೊಡ್ಡದು ನಾಯಿಯಾಗುತ್ತದೆ.
ನಾಯಿಹಳ್ಳದವರಾಗಿ ಮಲಗಿದ್ದರು ಅಜ್ಜ, ಮುತ್ತಜ್ಜ.
ದುಭಾಷಿ ಕೆಮ್ಮಿದ. ಅಧಿಕಾರಿ ತನ್ನ ಬೂಟು ನೋಡಿಕೊಂಡ.

ಅತ್ತೆ ನಗತೊಡಗಿದಳು, ಹೊಟ್ಟೆ ಹಿಡಿದು,
ಒದ್ದೆ ಹುಲ್ಲಿನ ಮೇಲೆ ಕೂತು.
ಆಮೇಲೆ ಹೇಳಿದಳು, ನನಗಲ್ಲ, ಕಲ್ಲಿಗೆ:
"ಗೊಂತಾನ್ನ ಕಟ್ಟಿಹಾಕಿ ಬರಲಿಲ್ಲ, ಬಿಚ್ಚಿಯೇ ಬಂದೆ.
ದೋಣಿ ಹಿಂದೆ ಈಜಿತು. ಬೊಗಳಲಿಲ್ಲ.
ಬೊಗಳಿದರೆ ಸಿಕ್ಕಿಬೀಳ್ತೇವೆ ಅಂತ ಅದಕ್ಕೂ ಗೊತ್ತಿತ್ತು.
ಎಲ್ಲೀತನಕ ಬಂತೋ, ಕತ್ತಲು."

ಏನೋ ತಪ್ಪಾಯಿತೆಂದು ತೈಸಿಯಾ ಸೆರಗಿನಷ್ಟು ಚಿಂದಿ ತೆಗೆದಳು, ಒರೆಸಲು.
ಅತ್ತೆ ಅವಳ ಮಣಿಕಟ್ಟು ಹಿಡಿದಳು.
ಇರಲಿ.

ಈಗ ಆ ಹಡಗೂ ಇಲ್ಲ.
ಎಲ್ಲೋ ದೂರದಲ್ಲಿ ಯುದ್ಧ, ಇಲ್ಲಿ ಬೀಗ.
ಬೇಸಿಗೆಯ ಕೊನೆಗೆ ಕಡಲ ನಡುವೆ ಎಂಜಿನ್ ನಿಲ್ಲಿಸಿ
ದ್ವೀಪದ ಕಡೆ ತಿರುಗಿಸಿ ಕೈಮುಗಿಸುತ್ತಾರೆ.
"ಗೆರೆ ಇಲ್ಲೇ," ಅನ್ನುತ್ತಾನೆ ಕ್ಯಾಪ್ಟನ್, "ಇನ್ನು ಮುಂದೆ ಹೋಗುವ ಹಾಗಿಲ್ಲ."
ಎಲ್ಲರೂ ದ್ವೀಪ ನೋಡುತ್ತಾರೆ.
ಅತ್ತೆ ಕಂಬಿಗೆ ಒರಗಿ ನೀರು ನೋಡುತ್ತಾಳೆ.
ತೋಳಿನೊಳಗಿಂದ ಒಣಮೀನಿನ ತುಂಡೊಂದು
ಸದ್ದಿಲ್ಲದೆ ಕೆಳಗೆ ಬೀಳುತ್ತದೆ,
ಗೆರೆಯ ಈಚೆಗೋ ಆಚೆಗೋ.

ನಿನ್ನೆ ಮಂಜು ಹೇಳದೆ ಕೇಳದೆ ಬಂತು.
ಅರ್ಧ ಪಾಚಿ ಎರಡನೇ ದರ್ಜೆಗಿಳಿಯಿತು, ಯೋಹೇಯಿ ಕೂಗಾಡಿದ.
ಅತ್ತೆ ಸ್ಟೂಲಿನಲ್ಲೇ ಇದ್ದಳು.
ಮೂಗು ಎತ್ತಿರಲಿಲ್ಲ, ತಲೆ ಒಂದು ಬದಿಗೆ ವಾಲಿಸಿ
ಕಿವಿಗೊಟ್ಟಿದ್ದಳು.
"ಯಾಕತ್ತೆ, ಹೇಳಲಿಲ್ಲ?" ಅಂದೆ.

ಬೆರಳು ತುಟಿಯ ಮೇಲಿಟ್ಟಳು.