ಹೇನು, ಹೈನು

ಇಳಾಳ ಸ್ಕೂಲ್ ಬ್ಯಾಗಿನಲ್ಲಿ ಸೋಮವಾರ
ಒಂದು ಹಳದಿ ಚೀಟಿ:
ಎರಡನೇ ತರಗತಿಯಲ್ಲಿ ಹೇನು ಕಂಡಿವೆ,
ಗಾಬರಿ ಬೇಡ, ದಯವಿಟ್ಟು ತಲೆ ನೋಡಿ.

ಅದೇ ಸಂಜೆ ಗುಲಾಬಿ ಮೊಗ್ಗಿನ ಕುತ್ತಿಗೆಗೆ
ಹಸಿರು ರವೆ ಮೆತ್ತಿದ ಹಾಗೆ
ಗಿಡಹೇನು.

ಟೂವೂಂಬಾದಲ್ಲಿ ಸೆಪ್ಟೆಂಬರ್ ಅಂದರೆ ವಸಂತ.
ಊರಿಗೆ ಊರೇ ಹೂವಿನ ಹಬ್ಬಕ್ಕೆ ಬೇಲಿಗೆ ಬಣ್ಣ ಬಳಿಯುವಾಗ
ನನ್ನಲ್ಲಿ, ಒಳಗೊಂದು ತಲೆ, ಹೊರಗೆ ಏಳು ಗಿಡ,
ಎರಡಕ್ಕೂ ಒಂದೇ ತುರಿಕೆ.

ಮೊದಲು ತಲೆ.
ಹಿತ್ತಿಲ ಮೆಟ್ಟಿಲ ಮೇಲೆ ಅವಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು
ಕಂಡಿಷನರ್ ಮೆತ್ತಿ, ಎಳೆ ಎಳೆ ಬಿಡಿಸಿ ಬಾಚಿದೆ.
ಹೇನು ಬಂತು. ಸೀರು ಬರಲಿಲ್ಲ.

ಹಾವೇರಿಯ ನಮ್ಮ ಓಣಿಯಲ್ಲಿ ಮಧ್ಯಾಹ್ನ ಮೂರಕ್ಕೆ
ಒಬ್ಬರ ಹಿಂದೊಬ್ಬರು ರೈಲು ಡಬ್ಬಿಯ ಹಾಗೆ ಕೂತು
ಹೆಂಗಸರು ಹೇನು ನೋಡುತ್ತಿದ್ದರು.
ಉಗುರಿಗೆ ಉಗುರು ಒತ್ತಿ ಚಟ್ ಅನ್ನಿಸುವಾಗ
ತಮಗೇ ನೋವಾದಂತೆ
ಹಲ್ಲಿನ ಸಂದಿಯಿಂದ 'ಸ್ಸ್' ಅಂತ ಉಸಿರೆಳೆಯುತ್ತಿದ್ದರು.
ಎಲ್ಲರಿಗಿಂತ ಹಿಂದೆ ಕೂತವಳ ತಲೆ
ಯಾರೂ ನೋಡುತ್ತಿರಲಿಲ್ಲ.

ಆಮೇಲೆ ಗಿಡ.
ಅಂಗಡಿಯ ನೀಲಿ ಬಾಟಲಿಯ ಬೆನ್ನಿಗೆ
ಜೇನಿಗೆ ಅಪಾಯ, ಮೀನಿಗೆ ಅಪಾಯ ಅಂತಿತ್ತು,
ಇದ್ದಲ್ಲೇ ಇಟ್ಟು ಬಂದೆ.
ಲೀಟರ್ ನೀರಿಗೆ ಒಂದು ಚಮಚ ಸೋಪು,
ಬಿಸಿಲಿಳಿದ ಮೇಲೆ ಎಲೆ ಮಗುಚಿ ಮಗುಚಿ ಚಿಮುಕಿಸಿದೆ.
ಉದುರಿದವು. ಮೂರನೇ ದಿನಕ್ಕೆ ಮತ್ತೆ ಅಷ್ಟೇ.
ಇವು ಗಂಡಿನ ಹಂಗಿಲ್ಲದೆ ಹೆರುತ್ತವಂತೆ,
ಹೊಟ್ಟೆಯೊಳಗಿನ ಮಗಳ ಹೊಟ್ಟೆಯಲ್ಲಿ
ಆಗಲೇ ಮೊಮ್ಮಗಳು ಮಲಗಿರುತ್ತಾಳಂತೆ.
ಇದನ್ನು ತಿಳಿದ ದಿನ ಯಾಕೋ
ಸೋಪಿನ ನೀರು ಕಲಸಲಿಲ್ಲ.

ಕಾಂಡದ ಮೇಲೆ ಇರುವೆಗಳ ಓಡಾಟ, ಬೆಳಗಿನ ಡೈರಿಯ ಸರತಿ.
ಮೀಸೆಯಿಂದ ಬೆನ್ನು ನೇವರಿಸಿ
ಸಿಹಿ ಹನಿಯನ್ನು ಕರೆದುಕೊಳ್ಳುತ್ತವೆ.
ನಮಗೆ ಹೇನು,
ಅವಕ್ಕೆ ಹೈನು,
ಕೊಟ್ಟಿಗೆ ಬೇಡದ ಹಸಿರು ಎಮ್ಮೆಗಳು.

ಶನಿವಾರ ಎಲೆಯಡಿ ಹೊಸಬರು ಸಿಕ್ಕರು,
ಕಪ್ಪಗೆ, ಮೊಸಳೆ ಮರಿಯಂಥವರು, ಮೈಮೇಲೆ ಕಿತ್ತಳೆ ಚುಕ್ಕೆ.
ಇವರದೇ ಎಲ್ಲ ಕಿತಾಪತಿ ಅಂತ
ಎಣಿಸಿ ಒರೆಸಿದೆ. ಹನ್ನೊಂದು.

ಬೇಲಿಯಾಚೆ ಎಂಬತ್ತೊಂದರ ನೋಲೀನ್ ಕೈಗವಸು ಕಳಚಿದಳು.
"ಅಯ್ಯೋ ಹುಡುಗಿ, ಅವು ಗುಲಗಂಜಿ ಹುಳುವಿನ ಮಕ್ಕಳು.
ಹೇನೇ ಅವುಗಳ ಊಟ."

ಅವಳಂದದ್ದು ಇಂಗ್ಲಿಷಿನ ಹೆಸರು.
ನನಗೆ ಕೇಳಿಸಿದ್ದು ಗುಲಗಂಜಿ,
ಅಕ್ಕಸಾಲಿಗರ ರಾಯಪ್ಪ ಚಿನ್ನ ತೂಗುತ್ತಿದ್ದ ಕೆಂಪು ಕಾಳು.
ನನ್ನ ತಕ್ಕಡಿ ಆ ಕಡೆ ವಾಲಿತು,
ಹನ್ನೊಂದು ಗುಲಗಂಜಿ ತೂಕ.

"ಮೂಲೆಯ ಗಿಡ ಹೇನಿಗೇ ಬಿಡು" ಅಂದಳು.
"ಅಡುಗೆಯಿಲ್ಲದ ಮನೆಗೆ ನೆಂಟರು ಬರುತ್ತಾರಾ?"
ಬಿಟ್ಟೆ. ಒಂದು ಗಿಡ ಬಿಟ್ಟುಕೊಡುವುದು ಎಷ್ಟು ಕಷ್ಟ!
ದಿನಾ ಹೋಗಿ ನೋಡಿದೆ: ಎಲೆ ಸುರುಟಿತು, ಅಂಟು ಸುರಿಯಿತು,
ಹೂವು ಬಾಯಿ ತೆರೆಯದೆ ಹಾಗೇ ಮುದುಡಿತು.
ಹನ್ನೆರಡು ದಿನ.

ಆ ನಡುವೆ ನನಗೂ ತಲೆ ಕೆರೆಯತೊಡಗಿತ್ತು.
ಯಾರಿಗೆ ಹೇಳುವುದು? ನೋಲೀನಿಗೆ ಹೇಳಿದೆ.
ಎರಡು ಕನ್ನಡಕ ತಂದಳು, ಒಂದರ ಮೇಲೊಂದು ಹಾಕಿಕೊಂಡಳು,
ಮೇಲಿನ ಮೆಟ್ಟಿಲಲ್ಲಿ ಕೂತು
ನನ್ನ ತಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು.
ನನ್ನ ಮುಂದೆ ಇಳಾ. ಇಳಾಳ ಮುಂದೆ ಗುಲಾಬಿ,
ಅದರ ತಲೆಯನ್ನು ಅವಳು ನೋಡುತ್ತಿದ್ದಾಳೆ.

ಬೆನ್ನ ಹಿಂದೆ ಚಟ್ ಅಂದಿತು. ಆಮೇಲೆ
(ಕಲಿಸಿದವರು ಯಾರೋ) "ಸ್ಸ್."

"ಅಮ್ಮಾ, ಬಂತು!"
ಎಲೆಯಿಂದ ಬೆರಳಿಗೆ, ಬೆರಳಿಂದ ತನ್ನ ನೆತ್ತಿಗೆ
ಇಳಾ ಅದನ್ನು ಏರಿಸಿಕೊಂಡಳು.
ಬೈತಲೆಯ ಮೇಲೆ ಕೆಂಪು ಬೊಟ್ಟು, ಆರು ಕಾಲಿನದು.
"ಬಾಚಬೇಡ, ಅಲ್ಲಾಡಬೇಡ,
ಅದು ತಿನ್ನಲಿ."

ಕೈಯಲ್ಲಿ ಬಾಚಣಿಗೆ ಹಿಡಿದೇ ಕೂತೆ.
ಅದು ತಿನ್ನಲಿಲ್ಲ. ಒಂದಿಷ್ಟು ದೂರ ನಡೆದು
ಕಂಡಿಷನರಿನಲ್ಲಿ ಜಾರಿ, ಕಾಲು ಒರೆಸಿಕೊಂಡು,
ನೋಲೀನಳ ಗುಲಾಬಿಯ ಕಡೆ ಹಾರಿತು.