ನಾಲ್ಕು ಚೌಕ

ಟುವೂಂಬಾದ ಶಾಲೆಯಂಗಳದಲ್ಲಿ
ಸೀಮೆಸುಣ್ಣದ ನಾಲ್ಕು ಮನೆ:
ರಾಜ, ರಾಣಿ, ಗುಲಾಮ, ಪೆದ್ದ.
ಟೆನಿಸ್ ಚೆಂಡು ಒಂದೇ. ಸರದಿಯ ಸಾಲು
ನೀರಿನ ನಲ್ಲಿಯವರೆಗೆ.

ಬುಧವಾರ ಕ್ಯಾಂಟೀನಿನಲ್ಲಿ ನನ್ನ ಪಾಳಿ.
ಹೋದ ವರ್ಷ ಇದೇ ಕಿಟಕಿಯಿಂದ ನೋಡಿದ್ದೆ:
ನೇಸರ ಪೆದ್ದನ ಮನೆಗೆ ಕಾಲಿಟ್ಟಳೋ ಇಲ್ಲವೋ
"ಔಟ್!" ಮತ್ತೆ ಸಾಲಿನ ತುದಿ. ಮತ್ತೆ "ಔಟ್!"
ಆ ಚಳಿಗಾಲವಿಡೀ ಗ್ಯಾರೇಜಿನ ಗೋಡೆಗೆ
ಕತ್ತಲಾಗುವ ತನಕ ಚೆಂಡು ಬಡಿದಳು;
ಚಪಾತಿ ಲಟ್ಟಿಸುತ್ತ ನಾನು ಸದ್ದು ಎಣಿಸಿದೆ.

ಇವತ್ತು ಅವಳೇ ರಾಜ.
ಮೊಣಕಾಲಿಗೆ ಕೆಂಪು ಮಣ್ಣು, ಜಡೆ ಬಿಚ್ಚಿದೆ,
ಹೆಸರೂ ಗಿಡ್ಡವಾಗಿದೆ: "ನೆಸ್! ನೆಸ್!"
ಹಿಗ್ಗಿಗೆ ನನ್ನ ಕೈಯಿಂದ ಸಾಸ್ ಚೆಲ್ಲಿತು.

ಆಗ ಸಿಪಾನ್‌ನ ಸರದಿ.
ಊರಿಗೆ ಬಂದು ಮೂರು ವಾರ,
ಮಾತು ಇನ್ನೂ ಬಂದಿಲ್ಲ, ಯಾರದೋ ದೊಡ್ಡ ಶರ್ಟು.
ಅಂಗೈ ಒರೆಸಿಕೊಂಡು ಹೊಡೆದ.
ಚೆಂಡು ಗೆರೆಯ ಒಳಗೇ ಬಿತ್ತು. ನಾನು ನೋಡಿದೆ.
ನನ್ನ ಮಗಳೂ ನೋಡಿದಳು.
ಎಲ್ಲರಿಗಿಂತ ಮೊದಲು ಕೂಗಿದವಳು ಅವಳೇ: "ಔಟ್!"

ತಲೆಯಾಡಿಸಿ ಅವನು ಸಾಲಿನ ತುದಿಗೆ ನಡೆದ,
ಆಟದ ನಿಯಮವೇ ಹಾಗೆ ಎಂದುಕೊಂಡು.

ಕಾರಿನಲ್ಲಿ ಕೇಳಿದೆ.
"ಗೆರೆ ಅಳಿಸಿಹೋಗಿತ್ತಮ್ಮ."
ಅಷ್ಟೇ.

ಗ್ಯಾರೇಜಿನ ಗೋಡೆಯ ಮೇಲೆ
ಚೆಂಡಿನ ಗುಂಡು ಗುಂಡು ಕಲೆ, ಇನ್ನೂ ಹಾಗೇ.
ಹೆಡ್‌ಲೈಟ್ ಆರಿಸಲಿಲ್ಲ ನಾನು.
ಬಾಗಿಲು ತೆಗೆಯಲಿಲ್ಲ ಅವಳು.