ಉದುರುಹಣ್ಣಿನ ಕಾನೂನು

ಆ ಭಾನುವಾರ ಓದುವ ಸರದಿ ನನ್ನದು.
ಮೂಡಿಗೆರೆಯಿಂದ ಪಾದ್ರಿ ಬಂದಿರಲಿಲ್ಲ, ಜೀಪು ಕೆಟ್ಟಿತ್ತು.
ಲೈನ್ ಮನೆಗಳ ಕೊನೆಯ ತಗಡಿನ ಚಾವಡಿಯೇ ನಮ್ಮ ದೇವಾಲಯ,
ಹಿಂದಿನ ಗೋಡೆಗೆ ಒರಗಿಸಿದ ಗೊಬ್ಬರದ ಮೂಟೆ.
ಓದಿದೆ:
ನೀವು ಕಟ್ಟದ ಊರು ಕೊಡುತ್ತಾನೆ,
ನೀವು ತೋಡದ ಬಾವಿ,
ನೀವು ನೆಡದ ದ್ರಾಕ್ಷಿಯ ತೋಟ,
ತಿಂದು ತೃಪ್ತರಾದಾಗ ಅವನನ್ನು ಮರೆಯಬೇಡಿ.

ಹೆಂಗಸರ ಸಾಲಿನಲ್ಲಿ ಸುವಾರ್ತಮ್ಮತ್ತೆ ಕೆಮ್ಮಿದಳು.
ಕೆಮ್ಮಲ್ಲ ಅದು, ನಗು.
ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳು, ನನಗೆ ಗೊತ್ತು.

ರಾತ್ರಿ ಒಲೆಯ ಮುಂದೆ ಮೀನು ಉಜ್ಜುತ್ತಾ ಕೇಳಿದಳು,
"ಇನ್ನೊಮ್ಮೆ ಓದೇ ಅದನ್ನ."
ಓದಿದೆ.
"ನೋಡು, ನಮ್ಮದು ತಿರುಗುಮುರುಗು.
ಆ ಗುಡ್ಡದ ಗುಂಡಿ ತೋಡಿದ್ದು ನನ್ನಪ್ಪ,
ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ,
ಅಳತೆಕೋಲು ಇಟ್ಟು.
ಗಿಡ ನೆಟ್ಟಿದ್ದು ನನ್ನವ್ವ, ನಾನು ಹೊಟ್ಟೆಯಲ್ಲಿ.
ನೆಟ್ಟ ತೋಟ, ತೋಡಿದ ಬಾವಿ, ಕಟ್ಟಿದ ಕಣ ಎಲ್ಲಾ ಉಂಟು.
ತಿಂದು ತೃಪ್ತರಾಗೋ ಸಾಲು ಒಂದನ್ನೇ
ಯಾರೋ ಹರಕೊಂಡು ಹೋಗಿದ್ದಾರೆ."

ದೇವರ ಮೇಲೆ ಸಿಟ್ಟಿರಲಿಲ್ಲ ಆ ದನಿಯಲ್ಲಿ.
ಲೆಕ್ಕ ತಪ್ಪಿದಾಗ ಅಂಗಡಿಯವನಿಗೆ ಹೇಳುವ ಹಾಗೆ.
ಹಾಲೂ ಜೇನೂ ಅವಳಿಗೇನು ಹೊಸತಲ್ಲ.
ಹಾಲು ಸೊಸೈಟಿಯ ಕ್ಯಾನಿನಲ್ಲಿ ಲಾರಿ ಹತ್ತುತ್ತಿತ್ತು,
ಜೇನು ಸಿಲ್ವರ್ ಮರದ ತುದಿಯಲ್ಲಿ, ಏಣಿಗೆ ಎಟುಕದಷ್ಟು ಮೇಲೆ.
"ಹರಿಯೋದು ಸರಿ,
ಎಲ್ಲಿಗೆ ಅಂತ ಕೇಳಬೇಕಿತ್ತು ಮೋಶೆ."

ಕುಯ್ಲು ಮುಗಿದ ಮೇಲೆ, ಫೆಬ್ರವರಿ.
ತರಗೆಲೆಯ ಕೆಳಗೆ ಉದುರುಹಣ್ಣು.
ಮನ್ನ ಕೊತ್ತಂಬರಿ ಬೀಜದ ಹಾಗಿತ್ತಂತೆ;
ಇದು ಒಣಗಿ, ಕಪ್ಪಾಗಿ, ಆಡಿನ ಹಿಕ್ಕೆಯ ಹಾಗೆ.
ಸಿಮೆಂಟ್ ಚೀಲಕ್ಕೆ ಆಯುತ್ತಿದ್ದೆವು.
ರೈಟರ್ ಮಂಚೇಗೌಡ ಬೂಟು ತಂದು ಚೀಲದ ಪಕ್ಕ ಊರಿದ.
"ಯಾರ ಅಪ್ಪಣೆ?"
"ಅಪ್ಪಣೆ ಆಗಿದೆ. ಬಿದ್ದದ್ದನ್ನ ಒಡೆಯ ಆಯಬಾರದು,
ಬಡವರಿಗೆ, ಪರದೇಶಿಗಳಿಗೆ ಬಿಡಬೇಕು.
ಮೋಶೆ ಬರೆದಿಟ್ಟಿದ್ದಾನೆ."
"ಯಾವ ಮೋಶೆ? ಯಾವ ಎಸ್ಟೇಟಿನವನು?"

"ಅವನಿಗೆ ಎಸ್ಟೇಟು ಎಲ್ಲಿ ಬಂತು ಸ್ವಾಮಿ.
ನಲವತ್ತು ವರ್ಷ ಜನ ಕಟ್ಟಿಕೊಂಡು ನಡೆದ.
ಕೊನೆಗೆ ಒಂದು ಬೆಟ್ಟ ಹತ್ತಿಸಿ ತೋರಿಸಿದರು,
ಅಗೋ ಅದು, ಅಂತ.
ಕಣ್ತುಂಬ ನೋಡಿ ಅಲ್ಲೇ ಪ್ರಾಣ ಬಿಟ್ಟ."

ಬೀಡಿ ಹಚ್ಚಲು ಹೋದವನು ಹಚ್ಚಲಿಲ್ಲ.
ಅವನೂ ಮೂವತ್ತು ವರ್ಷ
ಬೇರೆಯವರ ಗುಡ್ಡದ ಲೆಕ್ಕ ಬರೆದವನು.
ಚೀಲವನ್ನು ಕೈಯಲ್ಲೇ ಎತ್ತಿ ತೂಗಿದ,
ಅರ್ಧ ಕಣಕ್ಕೆ ಸುರಿಸಿಕೊಂಡ.
ಉಳಿದರ್ಧ ಅವನ ಕಣ್ಣಿಗೆ ಬೀಳಲಿಲ್ಲ.
"ಅರ್ಧ ಕಾನೂನು ಜಾರಿ ಆಯ್ತು" ಅಂದಳು ಅತ್ತೆ, ಇಳಿಜಾರಿನಲ್ಲಿ.

ಆ ಅರ್ಧದಲ್ಲಿ ಕುಕ್ಕರಿಗೆ ಗ್ಯಾಸ್ಕೆಟ್ಟು,
ನನಗೊಂದು ಜೊತೆ ಚಪ್ಪಲಿ.
ಅರಣ್ಯದಲ್ಲಿ ನಲವತ್ತು ವರ್ಷ
ಅವರ ಕೆರ ಸವೆಯಲಿಲ್ಲವಂತೆ.
ನನ್ನವು ಆ ಮಳೆಗಾಲ ದಾಟಲಿಲ್ಲ.

ಆದರೆ ಅದಕ್ಕೂ ಮುಂಚೆ,
ಮಾರ್ಚಿನ ಒಂದು ಸಂಜೆ ಹೂಮಳೆ ಬಿತ್ತು.
ಎಂಟು ದಿನ ಬಿಟ್ಟು ಬೆಳಿಗ್ಗೆ ಬಾಗಿಲು ತೆಗೆದರೆ
ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ.
ಗೇಟಿನ ಒಳಗೆ ಅಷ್ಟೂ ಸಾಲು,
ಬೇಲಿಯ ಈಚೆ, ಬಚ್ಚಲ ನೀರು ಕುಡಿದು ಬೆಳೆದ
ನಮ್ಮ ಒಂಟಿ ಗಿಡವೂ.

ಪಕ್ಕದ ಲೈನಿಗೆ ಅಸ್ಸಾಮಿನಿಂದ ಬಂದವರ ಮಗು
ಬರಿಗಾಲಲ್ಲಿ ಓಡಿ ಬಂತು,
ಬೆರಳು ಚಾಚಿ ತನ್ನ ಮಾತಿನಲ್ಲಿ ಏನೋ ಕೇಳಿತು.
ಮಾತು ತಿಳಿಯಲಿಲ್ಲ, ಪ್ರಶ್ನೆ ತಿಳಿಯಿತು.
ಇದೇನು?
ಮನ್ನ ಅಂದರೆ ಅದೇ ಅರ್ಥ ಎಂದಿದ್ದರು ಪಾದ್ರಿ.
ಹೆಸರಲ್ಲ ಅದು,
ಹಸಿದವರು ಬೆಳಗಿನ ಜಾವ ಕೇಳಿದ ಪ್ರಶ್ನೆ.

ಕೆಲಸದ ಗಂಟೆ ಹೊಡೆಯುತ್ತಿತ್ತು.
ಅತ್ತೆ ಬುಟ್ಟಿ ಇಳಿಸಿ ಮಗುವನ್ನು ಎತ್ತಿಕೊಂಡಳು,
ರೆಂಬೆ ಬಾಗಿಸಿ ಮೂಗಿಗೆ ಹಿಡಿದಳು.
"ಬಾಯಿಗೆ ಹಾಕಬೇಡ ಮಗಾ, ಇವತ್ತು ಮೂಸು.
ಆಯೋದು ಹೇಗೆ ಅಂತ ಆಮೇಲೆ ಕಲಿಸ್ತೀನಿ,
ಉದುರಲಿ."